ಕಾಫಿ ಖರೀದಿ ಲೆಕ್ಕಕ್ಕೆ ಪೈಥಾನೋ, ಜಾವಾನೋ?

ಮೂಡಿಗೆರೆಯಿಂದ ಪ್ರಶ್ನೆ: ಕಾಫಿ ಖರೀದಿ ಅಂಗಡಿಗೆ ತೂಕ, ಬಿಲ್ಲು, ಬೆಳೆಗಾರರ ಅಡ್ವಾನ್ಸ್ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯಬೇಕು. ಬರೆಯುವವನು ನಾನೊಬ್ಬನೇ, ಪೈಥಾನ್ ಅಲ್ಪಸ್ವಲ್ಪ ಬರುತ್ತೆ. ಜಾವಾ ಕಲಿತು ಬರೆಯೋದು ಒಳ್ಳೆಯದಾ? ರೋಬಸ್ಟಾ ಕೊಯ್ಲಿನ ಹೊತ್ತಿಗೆ ಶುರುವಾಗಬೇಕು.

ಹಾಸನದಿಂದ: ಭಾಷೆ ಆಮೇಲೆ ನೋಡೋಣ ಸಾರ್. ಮೊದಲು ಎರಡು ದಿನ ಕಾಟಾ ಪಕ್ಕ ನಿಂತು ರೈಟರು ಚೀಟಿ ಹೇಗೆ ಬರೀತಾರೆ ನೋಡಿ. ರೋಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ರೇಟು ಕಟ್ಟೋದು ಔಟ್‌ಟರ್ನ್, ಅಂದರೆ ಓಟಿ ಮೇಲೆ. 50 ಕೆಜಿ ಮೂಟೆಗೆ 26 ಕೆಜಿ ಬೀಜ ಬಿದ್ದರೆ 26 ಓಟಿ. ಓಟಿಗೆ 400 ರೂಪಾಯಿ ಅಂತ ಇಟ್ಟುಕೊಂಡರೆ ಮೂಟೆಗೆ 10,400. ಆದರೆ ಸ್ಯಾಂಪಲ್ ನೋಡುವ ಮೊದಲೇ ಮಾಲು ಗೋದಾಮಿಗೆ ಇಳಿದಿರುತ್ತೆ. ಕೆಲವರು ರೇಟು ಕಟ್ಟದೆ ಮಾಲು ಬಿಟ್ಟು, ಅಡ್ವಾನ್ಸ್ ಮಾತ್ರ ಒಯ್ದಿರುತ್ತಾರೆ. ತೂಕ, ಓಟಿ, ರೇಟು ಮೂರನ್ನೂ ಬೇರೆ ಬೇರೆ ದಿನ ತುಂಬುವ ಹಾಗಿರಲಿ. ಒಂದೇ ಪರದೆಯಲ್ಲಿ ಮೂರೂ ಕಡ್ಡಾಯ ಮಾಡಿದಿರೋ, ರೈಟರು ಏನೋ ಒಂದು ರೇಟು ತುಂಬಿ ಮುಂದೆ ಹೋಗ್ತಾರೆ. ಆಮೇಲೆ ಯಾರ ಬಾಕಿ ಎಷ್ಟು ಅಂತ ಹುಡುಕೋಕೆ ದಾರಿಯೇ ಇರಲ್ಲ.

ಸಕಲೇಶಪುರದಿಂದ: ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡಿ. ಫ್ಲೋಟ್ (ಬೈನರಿ ದಶಮಾಂಶ ಸಂಖ್ಯೆ) ಬೇಡವೇ ಬೇಡ. ಫ್ಲೋಟ್‌ನಲ್ಲಿ 0.1 + 0.2 ಅಂದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ 0.30000000000000004 ಬರುತ್ತೆ. ದಶಮಾಂಶವನ್ನು ಬೈನರಿಯಲ್ಲಿ ಇಡುವುದರಿಂದ ಹೀಗೆ, ಭಾಷೆ ಬದಲಿಸಿದರೆ ಹೋಗುವ ರೋಗ ಅಲ್ಲ. ರೌಂಡ್ ಮಾಡೋದು ಬಿಲ್ಲಿನ ಕೊನೆಯಲ್ಲಿ ಒಮ್ಮೆ ಮಾತ್ರ.

ಚಿಕ್ಕಮಗಳೂರಿನಿಂದ: ಕಾಟಾ ಸೀರಿಯಲ್ ಪೋರ್ಟಿನಲ್ಲಿ ತೂಕ ಕಳಿಸುತ್ತಾ ಕೇಳಿಕೊಳ್ಳಿ. ಬಾಡ್ ದರ (ಡೇಟಾ ಕಳಿಸುವ ವೇಗ) ಎರಡೂ ಕಡೆ ಒಂದೇ ಇರದಿದ್ದರೆ ಬರೀ ಕಸದ ಅಕ್ಷರ ಬರುತ್ತೆ. ಕಾಟಾದ ಅಂಕಿ ನಿಲ್ಲುವ ಮೊದಲೇ ಓದಿದರೆ ತೂಕ ತಪ್ಪುತ್ತೆ, ಅದಕ್ಕೆ ಸತತ ನಾಲ್ಕೈದು ಓದು ಒಂದೇ ಬಂದ ಮೇಲೆ ಹಿಡಿಯಿರಿ. ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರವಾಗಿ ಕಳಿಸಿದರೆ ಸಾಮಾನ್ಯವಾಗಿ ಒತ್ತಕ್ಷರ ಕೆಡುತ್ತೆ, ಚೀಟಿಯನ್ನು ಚಿತ್ರ ಮಾಡಿ ಕಳಿಸಿ. ಇಷ್ಟಕ್ಕೂ ಪೈಥಾನ್‌ನಲ್ಲಿ ಸಿದ್ಧ ಲೈಬ್ರರಿ ಇದೆ, ಹೊಸ ಭಾಷೆ ಕಲಿಯೋಕೆ ಈ ಸೀಸನ್ ಕಳೆಯಬೇಡಿ.

ಮೂಡಿಗೆರೆಯಿಂದ: ಎರಡು ಕೌಂಟರ್ ಇದೆ, ನೆಟ್ ಆಗಾಗ ಹೋಗುತ್ತೆ. ಡೇಟಾಬೇಸ್ ಯಾವುದು ಇಡಲಿ?

ಹಾಸನದಿಂದ: ಅಂಗಡಿಯ ಒಂದು ಕಂಪ್ಯೂಟರಿನಲ್ಲೇ ಪೋಸ್ಟ್‌ಗ್ರೆಸ್ ಹಾಕಿ, ಯುಪಿಎಸ್ ಇರಲಿ. ಇನ್ನೊಂದು ಕೌಂಟರ್ ಲ್ಯಾನ್ ಕೇಬಲ್ಲಿನಲ್ಲಿ ಬರಲಿ. ಎಸ್‌ಕ್ಯೂಲೈಟ್ ಅಂತ ಒಂದೇ ಫೈಲಿನಲ್ಲಿ ಇರುವ ಡೇಟಾಬೇಸ್ ಇದೆ, ಅದು ಒಂದೇ ಕಂಪ್ಯೂಟರಿಗೆ ಚೆನ್ನ. ಅದರ ಫೈಲನ್ನು ಶೇರ್ ಫೋಲ್ಡರಿನಲ್ಲಿಟ್ಟು ಇಬ್ಬರೂ ಬರೆದರೆ ಲಾಕ್ ತಪ್ಪಿ ಫೈಲೇ ಕೆಡಬಹುದು. ದಿನಾ ರಾತ್ರಿ ಬ್ಯಾಕಪ್ ಪೆನ್‌ಡ್ರೈವಿಗೆ ಹೋಗಲಿ, ವಾರಕ್ಕೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.