ಲಾಗಿನ್ ಒಗಟು ಮತ್ತು ಆಟಿಸಂ: ಇದು ಬರೀ ಟೆಕ್ನಿಕಲ್ ವಿಷಯವಾ?

ಮಲ್ಲಿಗೆ_ಅಮ್ಮ: ನನ್ನ ಮಗನಿಗೆ ಆಟಿಸಂ ಇದೆ. ಕೆಲಸದ ಅರ್ಜಿ ಹಾಕಲು ಲಾಗಿನ್ ಆಗುವಾಗ 'ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಆರಿಸಿ' ಎಂದು ಬಂತು. ಕಂಬವೂ ಲೈಟಿಗೆ ಸೇರಿದ್ದಾ ಎಂದು ಯೋಚಿಸುತ್ತಾ ಕೂತ. ಅಷ್ಟರಲ್ಲಿ ಟೈಮ್ ಮುಗಿಯಿತು. ಸರಿಯಾಗಿ ಯೋಚಿಸಿದ್ದಕ್ಕೇ ಶಿಕ್ಷೆ ಅಲ್ವಾ? ಇದರಲ್ಲಿ ರಾಜಕೀಯ ತರಬೇಡಿ ಎನ್ನುತ್ತಾರೆ. ನೀವೇನಂತೀರಿ?

ಹಾಸನದ_ಹುಡುಗ: ತರಲೇಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ, ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಎರಡೂ ಸೇರಿದವು. ಸುಮ್ನೆ ಸಿಗಲಿಲ್ಲ, ಜನ ಹೋರಾಡಿ ಪಡೆದದ್ದು. ನನಗಿರುವ ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟವಾಗುವ ಸ್ಥಿತಿ) ಆ ಪಟ್ಟಿಯಲ್ಲಿ ಇನ್ನೂ ಇಲ್ಲ. ಅದು ನೋವಿನ ಸಂಗತಿ.

ಟೆಸ್ಟರ್_ಅಕ್ಕ: ವೆಬ್‌ಸೈಟ್ ಪರೀಕ್ಷಿಸುವುದೇ ನನ್ನ ಕೆಲಸ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 (ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ, ನೆನಪು ಅಥವಾ ಒಗಟು ಬೇಡುವ ಲಾಗಿನ್‌ಗೆ ಬೇರೆ ದಾರಿ ಇರಬೇಕು. ಆದರೆ ನಿಮ್ಮ ಮಗನಿಗೆ ಬಂದಂತೆ ಚಿತ್ರದಲ್ಲಿ ವಸ್ತು ಗುರುತಿಸುವ ಪರೀಕ್ಷೆಗೆ, ಅದರ ನಡುವಿನ ಹಂತವಾದ ಎಎ ಹಂತದಲ್ಲಿ ವಿನಾಯಿತಿ ಕೊಟ್ಟಿದ್ದಾರೆ! ಅತಿ ಕಟ್ಟುನಿಟ್ಟಿನ ಎಎಎ ಹಂತದಲ್ಲಿ ಮಾತ್ರ ಆ ವಿನಾಯಿತಿ ಇಲ್ಲ. ಹೆಚ್ಚಿನವರು ಎಎಗೇ ನಿಲ್ಲುತ್ತಾರೆ. ಆ ವಿನಾಯಿತಿ ತಪ್ಪು ಎಂದೇ ನನ್ನ ವಾದ.

ಮಲ್ಲಿಗೆ_ಅಮ್ಮ: ಹಾಗಾದರೆ ದೂರು ಯಾರಿಗೆ ಕೊಡಲಿ?

ಟೆಸ್ಟರ್_ಅಕ್ಕ: ಮೊದಲು ಆ ಸೈಟಿನವರಿಗೇ ಬರೆಯಿರಿ, ಸ್ಕ್ರೀನ್‌ಶಾಟ್ ಸೇರಿಸಿ. ಒಪ್ಪದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕೊಡಿ. ಪತ್ರ ಬರೆಯಲು ನಾನು ಜೊತೆಗಿರುತ್ತೇನೆ.