ಅಮ್ಮನ ಹೆಬ್ಬೆಟ್ಟು ಸೊಸೈಟಿಯಲ್ಲಿ ಬರಲ್ಲ, ಕಳ್ಳನಿಗೆ ಬಂತು! ಆಧಾರ್ ಲಾಕ್ ಮಾಡಲಾ, ಬೇಡವಾ?

ಅಡಿಕೆಮನೆ (ಸೋಮವಾರ ರಾತ್ರಿ)

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮೂರು ಚನ್ನಗಿರಿ ಹತ್ತಿರ. ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದೇನೆ. ಊರಲ್ಲಿ ಅಮ್ಮ, ತಮ್ಮ. ಅಪ್ಪ ಹೋಗಿ ಎರಡು ವರ್ಷ ಆಯಿತು. ಅಮ್ಮ ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಸುಲಿದವರ ಕೈ ನೋಡಿದ್ದರೆ ಗೊತ್ತಿರುತ್ತದೆ, ಬೆರಳೆಲ್ಲ ಕಪ್ಪು ಕಪ್ಪು, ಗೆರೆಗಳೇ ಇರುವುದಿಲ್ಲ. ಸೊಸೈಟಿಯಲ್ಲಿ ರೇಷನ್ ತರಲು ಹೋದರೆ ಅವಳ ತಂಬ್ ಹತ್ತು ಸಲ ಒತ್ತಿದರೂ ಬರಲ್ಲ. ಎಣ್ಣೆ ಹಚ್ಚಿ, ಸೀರೆಗೆ ಒರೆಸಿ, ಮತ್ತೆ ಒತ್ತಿ, ಕೊನೆಗೆ ತಮ್ಮನೇ ಹೋಗಿ ಕೊಡಬೇಕು.

ಮೊನ್ನೆ ಶನಿವಾರ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಮೂರು ದಿನ ಸಾಲಾಗಿ 10,000, 10,000, 7,300 ರೂಪಾಯಿ ತೆಗೆದಿದ್ದಾರೆ. ಪಕ್ಕದಲ್ಲಿ ಎಇಪಿಎಸ್ (ಆಧಾರ್ ಸಂಖ್ಯೆ, ಬೆರಳಚ್ಚು ಕೊಟ್ಟು ದುಡ್ಡು ತೆಗೆಯುವ ವ್ಯವಸ್ಥೆ) ಅಂತ ಇದೆ. ಉಳಿದಿದ್ದು 212 ರೂಪಾಯಿ. ಗೃಹಲಕ್ಷ್ಮಿ ದುಡ್ಡು, ಸುಲಿದ ಕೂಲಿ ಎರಡೂ ಸೇರಿಸಿ ತಮ್ಮನ ಕಾಲೇಜು ಫೀಸಿಗೆ ಅಂತ ಇಟ್ಟಿದ್ದಳು. ಆ ಮೂರೂ ದಿನ ಅಮ್ಮ ಊರು ಬಿಟ್ಟು ಎಲ್ಲೂ ಹೋಗಿಲ್ಲ.

ಇವತ್ತು ರಜೆ ಹಾಕಿ ಬ್ಯಾಂಕಿಗೆ ಹೋಗಿದ್ದೆವು. "ಹೆಬ್ಬೆಟ್ಟು ಮ್ಯಾಚ್ ಆಗಿದೆ, ಅಂದ್ರೆ ನೀವೇ ತೆಗೆದಿದ್ದೀರಿ" ಅಂದರು. ಅಮ್ಮ ಅಲ್ಲೇ ಕೈ ಚಾಚಿ ಕೇಳಿದಳು, "ನನ್ನ ಹೆಬ್ಬೆಟ್ಟು ನಮ್ಮೂರ ಸೊಸೈಟೀಲೇ ಬರಲ್ಲ ಸ್ವಾಮಿ, ಅಲ್ಲಿ ಹೆಂಗೆ ಬಂತು?" ಉತ್ತರ ಇಲ್ಲ.

ಎರಡು ತಿಂಗಳ ಹಿಂದೆ ಅಪ್ಪನ ಹೆಸರಿನ ಜಾಗದ ಪಾಲುಪತ್ರ ನೋಂದಣಿ ಮಾಡಿಸಿದ್ದೆವು. ಅದಕ್ಕೆ ಎಲ್ಲರ ಆಧಾರ್ ಜೆರಾಕ್ಸ್, ಹೆಬ್ಬೆಟ್ಟು ಎಲ್ಲ ಕೊಟ್ಟಿದ್ದೆವು. ಅಲ್ಲಿಂದಲೇ ಹೋಯಿತು ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಅನುಮಾನ ಮಾತ್ರ.

ಈಗ ಎಲ್ಲರೂ "ಬಯೋಮೆಟ್ರಿಕ್ ಲಾಕ್ ಮಾಡು" ಅನ್ನುತ್ತಾರೆ, ಅಂದರೆ ಆಧಾರಿನಲ್ಲಿ ಬೆರಳಚ್ಚು ನಡೆಯದ ಹಾಗೆ ಬಂದ್ ಮಾಡುವುದು. ಲಾಕ್ ಮಾಡಿದರೆ ರೇಷನ್, ಗೃಹಲಕ್ಷ್ಮಿ, ವಿಧವಾ ವೇತನ ನಿಂತುಹೋಗುತ್ತಾ? ಹೋದ ದುಡ್ಡು ಬರುತ್ತಾ?

ಸುಮ್ನೆಬಂದವ

ಮೊದಲು 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ಸಹಾಯವಾಣಿ ಅದು. ಆಮೇಲೆ ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಬಯೋಮೆಟ್ರಿಕ್ ಲಾಕ್ ಮಾಡಿ. ಎರಡು ನಿಮಿಷದ ಕೆಲಸ.

ಅಡಿಕೆಮನೆ

1930ಕ್ಕೆ ಈಗಷ್ಟೇ ಮಾಡಿದೆ, ದೂರಿನ ಸಂಖ್ಯೆ ಕೊಟ್ಟರು. ಆದರೆ ಎರಡು ನಿಮಿಷದ ಕೆಲಸ ಎರಡು ಗಂಟೆಯಾದರೂ ಆಗಿಲ್ಲ ಅಣ್ಣ. ಅಮ್ಮನ ಆಧಾರಿಗೆ ಕೊಟ್ಟಿದ್ದು ಅಪ್ಪನ ನಂಬರ್. ಬ್ಯಾಂಕಿಗೂ ಅದೇ. ಅಪ್ಪ ಹೋದ ಮೇಲೆ ಯಾರೂ ರೀಚಾರ್ಜ್ ಮಾಡಿಸಲಿಲ್ಲ. ದುಡ್ಡು ಹೋದಾಗ ಮೆಸೇಜ್ ಯಾಕೆ ಬರಲಿಲ್ಲ ಅಂತ ಈಗ ಹೊಳೆಯುತ್ತಿದೆ.

ಮೈಕ್ರೋಎಟಿಎಂ_ಮಾಮ

ತಂಗೀ, ನಾನು ಬ್ಯಾಂಕ್ ಮಿತ್ರ, ಅಂದರೆ ಬ್ಯಾಂಕಿನ ಪರವಾಗಿ ಬೆರಳು ಒತ್ತಿಸಿಕೊಂಡು ದುಡ್ಡು ಕೊಡುವ ಏಜೆಂಟ್. ಒಂಬತ್ತು ವರ್ಷದಿಂದ ಹಳ್ಳಿಗಳಲ್ಲಿ ಇದೇ ಎಇಪಿಎಸ್ ಮಷಿನ್ ಇಟ್ಟುಕೊಂಡು ಕೂತಿದ್ದೇನೆ. ನಿಮ್ಮಮ್ಮ ಕೇಳಿದ ಪ್ರಶ್ನೆ ನನಗೆ ದಿನಾ ಕೇಳಿಸುತ್ತದೆ. ಗಾರೆ ಕೆಲಸದವರು, ಬೀಡಿ ಕಟ್ಟುವವರು, ಪಾತ್ರೆ ತಿಕ್ಕುವವರು ಬಂದರೆ ತಂಬ್ ಹಿಡಿಯಲ್ಲ. ವಯಸ್ಸಾದವರದಂತೂ ಕೇಳಲೇಬೇಡಿ. ನಾನು ಒದ್ದೆ ಬಟ್ಟೆ ಪಕ್ಕದಲ್ಲೇ ಇಟ್ಟಿರುತ್ತೇನೆ, ಒರೆಸಿ ಒರೆಸಿ ಒತ್ತಿಸುತ್ತೇನೆ. ಹೆಬ್ಬೆಟ್ಟು ಬರದಿದ್ದರೆ ಬೇರೆ ಬೆರಳು. ಹತ್ತರಲ್ಲಿ ಯಾವುದಾದರೂ ಒಂದು ಬಂದರೆ ಸಾಕು.

ಕಳ್ಳನಿಗೆ ಹೇಗೆ ಬಂತು ಅಂದರೆ, ಕಾಗದದ ಮೇಲಿನ ಗುರುತು ಶಾಯಿ ಹಚ್ಚಿ ಒತ್ತಿದ್ದು. ನೀಟಾಗಿ ಒಂದು ಸಲ ಬಿದ್ದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ರಬ್ಬರ್‌ನಲ್ಲೋ ಸಿಲಿಕಾನ್‌ನಲ್ಲೋ ಅಚ್ಚು ತೆಗೆಯುತ್ತಾರೆ. ಆ ಬೆರಳು ಅಡಿಕೆ ಸುಲಿಯಲ್ಲ, ಸವೆಯಲ್ಲ. ಹೊಸ ಕಥೆ ಏನಲ್ಲ ಇದು. 2018ರಲ್ಲೇ ತೆಲಂಗಾಣದಲ್ಲಿ ಒಬ್ಬ ನೋಂದಣಿ ಪತ್ರಗಳನ್ನು ಇಳಿಸಿಕೊಂಡು, ರಬ್ಬರ್ ಬೆರಳು ಮಾಡಿ, ಕಂಡವರ ಹೆಸರಲ್ಲಿ ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರು ಒಬ್ಬರ ಹಿಂದೆ ಒಬ್ಬರು ಇಂಥದ್ದೇ ದೂರು ಕೊಟ್ಟರು. ನಿಮ್ಮದು ಎಲ್ಲಿಂದ ಹೋಯಿತೋ ಹೇಳಲಾಗದು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅಳಿಸದೆ ಬಿಟ್ಟ ಫೈಲ್ ಕೂಡ ಆಗಬಹುದು.

ನನ್ನ ಮಷಿನ್ ಏನು ಕೇಳುತ್ತದೆ ಗೊತ್ತಾ? ಬ್ಯಾಂಕಿನ ಹೆಸರು, 12 ಅಂಕಿಯ ಆಧಾರ್, ಬೆರಳು. ಮುಗಿಯಿತು. ಪಿನ್ ಇಲ್ಲ, ಒಟಿಪಿ ಇಲ್ಲ, ಖಾತೆ ಸಂಖ್ಯೆಯೂ ಬೇಡ. ದೇಶದ ಯಾವ ಮೂಲೆಯ ಏಜೆಂಟ್ ಹತ್ತಿರವೂ ನಡೆಯುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ 10,000. ನಿಮ್ಮ ಪಾಸ್‌ಬುಕ್‌ನಲ್ಲಿ ಹತ್ತು, ಹತ್ತು ಅಂತ ಬಿದ್ದಿರುವುದು ಅದಕ್ಕೇ. ಪಿನ್ ಕದ್ದರೆ ಬದಲಾಯಿಸಬಹುದು. ಹೆಬ್ಬೆಟ್ಟು ಬದಲಾಯಿಸಲು ಆಗುತ್ತಾ? ಈಗ ಎಲ್1 ಅನ್ನುವ ಹೊಸ ಸ್ಕ್ಯಾನರ್ ಬಂದಿದೆ, ನಕಲಿ ಬೆರಳು ಅದರಲ್ಲಿ ಅಷ್ಟು ಸುಲಭವಲ್ಲ ಅನ್ನುತ್ತಾರೆ. ನಾನೂ ಕೈಯಿಂದ ದುಡ್ಡು ಹಾಕಿ ಬದಲಾಯಿಸಿದ್ದೇನೆ.

ಲಾಕ್ ಮಾಡಿ. ಗೃಹಲಕ್ಷ್ಮಿ, ವಿಧವಾ ವೇತನ ಎರಡೂ ಖಾತೆಗೆ ಬೀಳುತ್ತಲೇ ಇರುತ್ತವೆ. ದುಡ್ಡು ಒಳಗೆ ಬರಲು ಬೆರಳು ಬೇಕಿಲ್ಲ, ಹೊರಗೆ ತೆಗೆಯಲು ಮಾತ್ರ. ರೇಷನ್ನಿಗೆ ಕಾರ್ಡಿನಲ್ಲಿ ಹೆಸರಿರುವ ತಮ್ಮ ತಂಬ್ ಕೊಟ್ಟರೆ ಸಾಕು, ಹೇಗೂ ಅವನೇ ಕೊಡುತ್ತಿದ್ದಾನಲ್ಲ. ನನ್ನಂಥವರ ಹತ್ತಿರ ದುಡ್ಡು ತೆಗೆಯಲು ಬಂದರೆ ಮಾತ್ರ ಮಷಿನ್ 330 ಅಂತ ತೋರಿಸುತ್ತದೆ. ಬಯೋಮೆಟ್ರಿಕ್ ಲಾಕ್ ಆಗಿದೆ ಅಂತ ಅರ್ಥ. ಆಗ ಫೋನಿನಲ್ಲಿ ಸ್ವಲ್ಪ ಹೊತ್ತಿಗೆ ಲಾಕ್ ತೆಗೆಯಬಹುದು, ಇಲ್ಲವೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಹೋಗಬಹುದು. ನನ್ನ ಕಮಿಷನ್ ಹೋಗುತ್ತದೆ, ಹೋಗಲಿ ಬಿಡಿ.

ನಂಬರ್ ಬದಲಾಯಿಸಲು ಅಮ್ಮನನ್ನೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಸವೆದ ಬೆರಳನ್ನು ಹೊಸದಾಗಿ ತೆಗೆಯಲು ಅಲ್ಲೇ ಹೇಳಿ. ಸುಲಿಯುವ ಕೆಲಸ ಇಲ್ಲದ ತಿಂಗಳಲ್ಲಿ ಹೋದರೆ ಇನ್ನೂ ಒಳ್ಳೆಯದು, ಆದರೆ ನೀವು ಕಾಯುವ ಹಾಗಿಲ್ಲ.

ನಿವೃತ್ತ_ಗುಮಾಸ್ತ

ಬ್ಯಾಂಕಿನವರ ಬಾಯಿಮಾತು ಕೇಳಿ ವಾಪಸ್ ಬರಬಾರದಿತ್ತು ಮಗಳೇ. ನಾಳೆ ಬೆಳಗ್ಗೆಯೇ ಬರೆದು ಕೊಡು. ಎರಡು ಪ್ರತಿ ಮಾಡು, ಒಂದರ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಂಡು ಬಾ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಅನ್ನು, ಹಾಕುತ್ತಾರೆ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆ ಎಲ್ಲೋ ಸೋರಿದೆ ಅಂತಾದರೆ, ಬ್ಯಾಂಕಿನಿಂದ ವಿಷಯ ತಿಳಿದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವರ ಮೇಲೆ ನಷ್ಟದ ಹೊಣೆ ಬರಲ್ಲ. ದೂರು ಬಂದ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ಖಾತೆಗೆ ಹಾಕಿ ತೋರಿಸಬೇಕು, 90 ದಿನದೊಳಗೆ ತೀರ್ಮಾನ ಮಾಡಬೇಕು. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡಬೇಕಾದ್ದು ಬ್ಯಾಂಕು. "ಮ್ಯಾಚ್ ಆಗಿದೆ" ಅಂದುಬಿಟ್ಟರೆ ಆಯಿತಾ?

ನಿನಗೆ ಮೆಸೇಜ್ ಬಂದಿಲ್ಲ, ಪಾಸ್‌ಬುಕ್ಕಿನಿಂದ ಶನಿವಾರ ಗೊತ್ತಾಯಿತು ಅಂತ ಸ್ಪಷ್ಟವಾಗಿ ಬರೆ. ಹಳೇ ನಂಬರ್ ಇಟ್ಟುಕೊಂಡಿದ್ದು ನಿಮ್ಮ ತಪ್ಪು ಅಂತ ಅವರು ತಿರುಗಿ ವಾದಿಸಬಹುದು, ಅದಕ್ಕೂ ತಯಾರಿರು. ಮೂರು ವ್ಯವಹಾರದ ಟರ್ಮಿನಲ್ (ಮಷಿನ್) ಸಂಖ್ಯೆ, ಏಜೆಂಟ್ ಇರುವ ಊರು ಬರವಣಿಗೆಯಲ್ಲಿ ಕೇಳು. ಊರು ಗೊತ್ತಾದರೆ ಅರ್ಧ ಕೇಸು ಗೆದ್ದ ಹಾಗೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 14448ಕ್ಕೆ ಕೇಳಿದರೆ ದಾರಿ ಹೇಳುತ್ತಾರೆ.

ಬಿಂದಾಸ್_ಬಸ್ಯಾ

ಎಲ್ಲರ ಆಧಾರೂ ಎಂದೋ ಲೀಕ್ ಆಗಿದೆ ಗುರು. ಲಾಡ್ಜ್, ಸಿಮ್ ಅಂಗಡಿ, ಕೊರಿಯರ್, ಎಲ್ಲ ಕಡೆ ಜೆರಾಕ್ಸ್ ಕೊಟ್ಟು ಈಗ ಲಾಕ್ ಅಂತೆ. ಮುಚ್ಚಿಡೋಕೆ ನಮ್ಮತ್ರ ಏನಿದೆ?

ನಿವೃತ್ತ_ಗುಮಾಸ್ತ

ಅವಳ ಹತ್ತಿರ 27,300 ಇತ್ತಪ್ಪ.

ಇದೇ ಮಾತು ಆಧಾರ್ ಶುರುವಾದಾಗಲೂ ಇತ್ತು. ಆಗ 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. ಲಾಡ್ಜಿನಲ್ಲಿ ಜೆರಾಕ್ಸ್ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡು, ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಕೊಟ್ಟ ಜೆರಾಕ್ಸ್ ಮೇಲೆ ಇಂಥ ಕೆಲಸಕ್ಕೆ ಮಾತ್ರ ಅಂತ ಅಡ್ಡಲಾಗಿ ಬರೆದು ತಾರೀಖು ಹಾಕು. ನಾನು ಇಪ್ಪತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಮೊದಲು ರೇಷನ್ ಕಾರ್ಡಿನ ಮೇಲೆ, ಈಗ ಇದರ ಮೇಲೆ.

ಅಡಿಕೆಮನೆ (ಒಂಬತ್ತು ದಿನದ ನಂತರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನೇನಾಯಿತು ಹೇಳುತ್ತೇನೆ.

ಮಂಗಳವಾರ ಬರೆದು ಕೊಟ್ಟೆ. ಸೀಲ್ ಹಾಕಿದರು, ಪೋಸ್ಟಿನ ಮಾತು ಎತ್ತಬೇಕಾಗಲಿಲ್ಲ. ಆಧಾರ್ ಕೇಂದ್ರದಲ್ಲಿ ಅಮ್ಮನ ಬೆರಳು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಆ ಹುಡುಗಿ ಪಾಪ ತಾಳ್ಮೆಯಿಂದ ಒಂದೊಂದೇ ಬೆರಳು ಒರೆಸಿ ಒತ್ತಿಸಿದಳು. ನನ್ನ ನಂಬರ್ ಸೇರಿತು, ಲಾಕ್ ಆಯಿತು. ಅಮ್ಮನ ಆಧಾರ್ ಎಲ್ಲೆಲ್ಲಿ ಬಳಸಿದ್ದಾರೆ ಅಂತ ಹಿಸ್ಟರಿಯೂ ತೆಗೆದೆ. ಆರು ತಿಂಗಳದ್ದು ಸಿಗುತ್ತದೆ. ಆ ಮೂರು ದಿನದ್ದು ಬೆರಳಚ್ಚು ಅಂತಲೇ ಇದೆ, ಮೂರೂ ರಾತ್ರಿ ಒಂಬತ್ತರ ಮೇಲೆ. ಅಮ್ಮ ಎಂಟಕ್ಕೇ ಮಲಗುವವಳು. ಪ್ರಿಂಟ್ ತೆಗೆದು ದೂರಿಗೆ ಸೇರಿಸಿದ್ದೇನೆ.

ಇನ್ನೊಂದು. ನಂಬರ್ ಬದಲಾಯಿಸುವ ಮುಂಚೆ ಸುಮ್ನೆ ಅಪ್ಪನ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯಿತು. ಯಾರೋ ಹುಡುಗ ಎತ್ತಿ ಹಿಂದಿಯಲ್ಲಿ ಯಾರು ಅಂತ ಕೇಳಿದ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದಂತೆ, ನನಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ಅಮ್ಮನ ಒಟಿಪಿ, ಬ್ಯಾಂಕಿನ ಮೆಸೇಜು ಅವನಿಗೆ ಹೋಗುತ್ತಿತ್ತು. ಕಳ್ಳ ಅವನಲ್ಲ, ಇದಕ್ಕೆ ಒಟಿಪಿಯೇ ಬೇಕಿಲ್ಲವಲ್ಲ. ಆದರೂ ಏನು ಹೇಳಬೇಕೋ ತೋಚದೆ ಇಟ್ಟುಬಿಟ್ಟೆ. ಅಮ್ಮನಿಗೆ ಇದನ್ನು ಹೇಳಿಲ್ಲ. ಅಪ್ಪನ ನಂಬರ್ ಅವಳ ಫೋನಿನಲ್ಲಿ ಇನ್ನೂ ಹಾಗೇ ಇದೆ.

ದುಡ್ಡು ಇನ್ನೂ ಬಂದಿಲ್ಲ. ಹತ್ತನೇ ಕೆಲಸದ ದಿನ ಮುಂದಿನ ಮಂಗಳವಾರ. ಬಂದರೂ ಬರದಿದ್ದರೂ ಇಲ್ಲೇ ಹಾಕುತ್ತೇನೆ.

ಮೈಕ್ರೋಎಟಿಎಂ_ಮಾಮ

ತಮ್ಮನ ಆಧಾರೂ ನಿನ್ನದೂ ಲಾಕ್ ಮಾಡಿದೆಯಾ? ಪಾಲುಪತ್ರಕ್ಕೆ ನೀವೂ ಹೆಬ್ಬೆಟ್ಟು ಕೊಟ್ಟಿದ್ದೀರಲ್ಲ.

ಅಡಿಕೆಮನೆ

ಅಯ್ಯೋ. ಈಗಲೇ ಮಾಡುತ್ತೇನೆ.