ಪಿಕಪ್ ಎತ್ತಿ ಹಾಲೋ ಬ್ಲಾಕ್ ಮೇಲೆ ನಿಲ್ಲಿಸಬಹುದಾ?

ಬದಿಯಡ್ಕದಿಂದ ಪ್ರಶ್ನೆ: ಅಡಿಕೆ ಸಾಗಿಸುವ ಪಿಕಪ್‌ನ ಹಿಂದಿನ ಪ್ಲೇಟ್ (ಲೀಫ್ ಸ್ಪ್ರಿಂಗ್) ಬಿಚ್ಚಬೇಕು. ಮನೆ ಕಟ್ಟಿ ಉಳಿದ ಹಾಲೋ ಬ್ಲಾಕ್ ಅಂಗಳದಲ್ಲೇ ಇದೆ. ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅದನ್ನೇ ಆಧಾರ ಕೊಟ್ಟು ಗಾಡಿಯ ಅಡಿಗೆ ಹೋಗಬಹುದಾ? ಮಾಡಿ ನೋಡಿದವರು ಹೇಳಿ.

ಪೆರ್ಲದಿಂದ: ಬೇಡ ಅಣ್ಣಾ. ನಾನು ಹಾಗೆ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ. ಜೀಪಿನ ಹಿಂಬದಿ ಎತ್ತಿ ಎರಡೂ ಕಡೆ ಎರಡೆರಡು ಬ್ಲಾಕ್ ಕೊಟ್ಟಿದ್ದೆ. ಒಂದು ದಿನ ಪೂರ್ತಿ ಏನೂ ಆಗಲಿಲ್ಲ. ಮರುದಿನ ಸ್ಪ್ಯಾನರ್ ತರಲು ಈಚೆ ಬಂದಿದ್ದೆ ಅಷ್ಟೇ, ಬಲಗಡೆಯ ಬ್ಲಾಕ್ ಪುಡಿಯಾಗಿ ಜೀಪು ಕೂತುಬಿಟ್ಟಿತು. ಅದಕ್ಕೆ ಮೊದಲು ಒಂದು ಬಿರುಕೂ ಕಂಡಿರಲಿಲ್ಲ. ಕಬ್ಬಿಣವಾದರೆ ಬಗ್ಗುತ್ತದೆ, ಮರವಾದರೆ ಕಿರುಗುಟ್ಟುತ್ತದೆ. ಬ್ಲಾಕ್ ಒಮ್ಮೆಲೇ ಒಡೆಯುತ್ತದೆ.

ಗೋಡೆಯ ಭಾರ ಹೊರುವುದಿಲ್ವಾ ಎಂದು ಕೇಳಬಹುದು. ಹೊರುತ್ತದೆ. ಅಲ್ಲಿ ಗಾರೆ ಹಾಸಿರುವುದರಿಂದ ಭಾರ 16 ಇಂಚು ಉದ್ದ, 8 ಇಂಚು ಅಗಲಕ್ಕೆ ಹಂಚಿಹೋಗುತ್ತದೆ. ಚಾಸಿ ಮುಟ್ಟುವುದು ಎರಡು ಮೂರು ಬೆರಳಗಲ. ಅಷ್ಟೂ ಭಾರ ಇಂಚು, ಒಂದೂವರೆ ಇಂಚು ದಪ್ಪದ ಅಂಚಿನ ಮೇಲೆ ಬೀಳುತ್ತದೆ. ತೂತು ಪಕ್ಕಕ್ಕೆ ಬರುವ ಹಾಗೆ ಮಲಗಿಸಿಟ್ಟರಂತೂ ಇನ್ನೂ ಅಪಾಯ. ಮೇಲೊಂದು ಹಲಗೆ ಇಟ್ಟರೂ ಅದನ್ನು ನಂಬಿ ಅಡಿಗೆ ಹೋಗಬೇಡಿ, ಮಾರಾಯ್ರೇ.

ಉಪ್ಪಳದಿಂದ: ನಮ್ಮಲ್ಲಿ ಕೆಂಪು ಕಲ್ಲು ಕೊಡುವವರೂ ಇದ್ದಾರೆ. ಅದೂ ಬೇಡ. ಮಳೆಗೆ ನೆನೆದ ಕಲ್ಲು ಇನ್ನೂ ಮೆತ್ತಗೆ. ಬರೀ ಜಾಕಿಯ ಮೇಲೂ ಬಿಡಬೇಡಿ, ಸೀಲ್ ಹೋದರೆ ಇಳಿದುಬಿಡುತ್ತದೆ. ಎರಡು ಕಬ್ಬಿಣದ ಸ್ಟ್ಯಾಂಡ್ ತನ್ನಿ, ಅದರ ಮೇಲೆ ಎಷ್ಟು ಟನ್ ಎಂದು ಬರೆದದ್ದನ್ನು ನೋಡಿ. ಪ್ಲೇಟ್ ಬಿಚ್ಚುವುದಾದ್ದರಿಂದ ಸ್ಟ್ಯಾಂಡ್ ಚಾಸಿಗೇ ಬರಬೇಕು, ಆಕ್ಸಲ್ಲಿಗೆ ಜಾಕಿ. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ, ಇಲ್ಲವಾದರೆ ಕಾಲು ಹೂತು ಗಾಡಿ ವಾಲುತ್ತದೆ. ಸ್ಟ್ಯಾಂಡ್ ಸಿಗದಿದ್ದರೆ ಗಟ್ಟಿ ಮರದ ತುಂಡುಗಳನ್ನು ಎರಡು ಉದ್ದ, ಎರಡು ಅಡ್ಡ ಎಂದು ಪೇರಿಸಿ. ತಳ ಅಗಲವಾಗಿರಲಿ.

ಮುಳ್ಳೇರಿಯದಿಂದ: ಹ್ಯಾಂಡ್ ಬ್ರೇಕ್ ಹಾಕಿದ್ದೇನಲ್ಲ ಎಂದು ಧೈರ್ಯ ಮಾಡಬೇಡಿ. ಪಿಕಪ್‌ನಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರವನ್ನು, ನೀವು ಎತ್ತುವುದೂ ಅದನ್ನೇ. ಗೇರ್ ಹಾಕಿಟ್ಟರೂ ಅಷ್ಟೇ. ಎತ್ತುವ ಮೊದಲೇ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ಬಿಚ್ಚಿದ ಟಯರನ್ನು ಚಾಸಿಯ ಅಡಿಗೆ ತಳ್ಳಿಡಿ, ಗಾಡಿ ಬಿದ್ದರೂ ಜೀವಕ್ಕೆ ಸ್ವಲ್ಪ ಜಾಗ ಉಳಿಯುತ್ತದೆ. ಅಡಿಗೆ ಹೋಗುವ ಮೊದಲು ಬದಿಯಿಂದ ಜೋರಾಗಿ ದೂಡಿ ನೋಡಿ. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸ ಬೇಡವೇ ಬೇಡ. ನನ್ನ ಎರಡು ಸ್ಟ್ಯಾಂಡ್ ಭಾನುವಾರದವರೆಗೆ ಸುಮ್ನೆ ಬಿದ್ದಿರುತ್ತವೆ, ಬಂದು ಕೊಂಡುಹೋಗಿ.